ಸೋಸಿದ ಕಡಲು

ಡಾಕ್ಟರ್ ದೇವಕುಮಾರರಿಗೆ ಕಡಲೆಂದರೆ ಆಗದು. ಮದುವೆಯಾದ ಹೊಸದರಲ್ಲಿ ಒಮ್ಮೆ ಘಟ್ಟ ಇಳಿದು ಹೋಗಿ, ಮೊಣಕಾಲು ಮುಳುಗುವಷ್ಟು ನೀರಿಗಿಳಿದು, ಎಡಗಾಲಿನ ಚಪ್ಪಲಿಯನ್ನು ತೆರೆಗೆ ಕೊಟ್ಟು ಬಂದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಅಂಥವರು ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ನಿವೃತ್ತಿಗೆ ಹನ್ನೊಂದು ತಿಂಗಳಿರುವಾಗ, ಸಾಗರ ಪೇಟೆಯ ತಮ್ಮ ಮನೆಯ ತಾರಸಿಯ ಮೇಲೆ ಎರಡು ತೊಟ್ಟಿ ಇಟ್ಟುಕೊಂಡು ಕಡಲಹುಲ್ಲಿನ ತಜ್ಞರಾದರು.

ಅದಕ್ಕೆ ಕಾರಣ ನಿಶ್ಚಲ್. ಈತ ದೇವಕುಮಾರರ ಹೆಂಡತಿಯ ಅಣ್ಣನ ಮಗ. ಘಟ್ಟದ ಕೆಳಗೆ ಹೊಳೆ ಕಡಲು ಸೇರುವ ಒಂದು ಅಳಿವೆಯಲ್ಲಿ ಜೆಟ್ಟಿ ಕಟ್ಟಲು ಹೊರಟ ಕಂಪನಿಗೆ ಪರಿಸರ ಸಲಹೆಗಾರ. ಪರಿಸರಕ್ಕೆ ಸಲಹೆ ಕೊಡುತ್ತಿದ್ದನೋ ಕಂಪನಿಗೆ ಕೊಡುತ್ತಿದ್ದನೋ ಎಂದು ಯಾರೂ ಕೇಳಿರಲಿಲ್ಲ. ಬಿಳಿ ಕಾರಿನಲ್ಲಿ ಓಡಾಡುವವರನ್ನು ಅಂಥದ್ದೆಲ್ಲ ಕೇಳುವ ರೂಢಿ ನಮ್ಮಲ್ಲಿಲ್ಲ. ಹೊಸನಗರದ ಹತ್ತಿರ ಹೊಂಬುಜದಲ್ಲಿ ನೆಂಟರ ಮಗನ ಉಪನಯನದ ಊಟಕ್ಕೆ ಕೂತಾಗ, ಎಲೆಗೆ ಹಯಗ್ರೀವ ಬೀಳುವ ಹೊತ್ತಿಗೆ ಅವನು ವಿಷಯ ತೆಗೆದ. ಅಳಿವೆಯಲ್ಲಿ ಹಡಗು ಬರಲು ಹೂಳೆತ್ತಬೇಕು. ಹೂಳೆತ್ತಿದರೆ ನೀರು ಕೆಸರಾಗುತ್ತದೆ. ನೀರು ಕೆಸರಾದರೆ ತಳಕ್ಕೆ ಬಿಸಿಲು ಇಳಿಯುವುದಿಲ್ಲ. ತಳದಲ್ಲಿ ಒಂದು ಬಗೆಯ ಹುಲ್ಲಿದೆ, ಪಾಚಿಯಲ್ಲ, ಬೇರು ಹೂವು ಎಲ್ಲ ಇರುವ ನಿಜವಾದ ಹುಲ್ಲು. ಅದು ಸತ್ತೀತೆಂದು ಅಲ್ಲಿ ಚಿಪ್ಪುಮೀನು ಆರಿಸುವ ಹೆಂಗಸರು ತಕರಾರು ಅರ್ಜಿ ಕೊಟ್ಟಿದ್ದಾರೆ. ಬೆಳಕು ಕಡಿಮೆಯಾದರೂ ಆ ಹುಲ್ಲು ಹೊಂದಿಕೊಳ್ಳುತ್ತದೋ ಇಲ್ಲವೋ ಎಂದು ಕಡಲಿನ ಜೊತೆ ಯಾವ ಸಂಬಂಧವೂ ಇಲ್ಲದ, ನಿಷ್ಪಕ್ಷಪಾತಿಯಾದ ಒಬ್ಬ ವಿಜ್ಞಾನಿ ಬರೆದುಕೊಡಬೇಕು.

ಕಡಲಿನ ಜೊತೆ ಸಂಬಂಧವಿಲ್ಲದಿರುವುದರಲ್ಲಿ ದೇವಕುಮಾರರನ್ನು ಮೀರಿಸುವವರಿರಲಿಲ್ಲ. ತಾವು ಕೆಲಸ ಮಾಡುವ ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರೂ ಅವರೇ, ವಿಭಾಗವೂ ಅವರೇ. ಮೂವತ್ತು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ಜರೀಗಿಡಗಳ ಮೇಲೆ ಡಾಕ್ಟರೇಟು ಮಾಡಿದ್ದರು. ಅಂದಿನಿಂದ ಅದೇ ನೋಟ್ಸು, ಅದೇ ಚಾಕ್‌ಪೀಸು. ಒಂದೇ ಒಂದು ಆಸೆ ಮಾತ್ರ ಒಳಗೊಳಗೇ ಉಳಿದಿತ್ತು: ಕುರ್ಚಿ ಬಿಡುವುದರೊಳಗೆ ತಮ್ಮ ಹೆಸರಿನಲ್ಲಿ ಒಂದು ಸಂಶೋಧನೆ, ಇಂಥದ್ದನ್ನು ಕಂಡುಹಿಡಿದವರು ಇವರು ಎಂದು ಹೇಳುವಂಥದ್ದು. ಆ ಆಸೆ ಹಯಗ್ರೀವಕ್ಕಿಂತ ಬೇಗ ಕರಗಿ ಗಂಟಲಿಗಿಳಿಯಿತು. ಎರಡನೇ ಸಲ ತುಪ್ಪ ಬಡಿಸುವ ಮೊದಲೇ ಒಪ್ಪಿಬಿಟ್ಟರು.

ನವೆಂಬರಿನಲ್ಲಿ ತೊಟ್ಟಿಗಳು ಬಂದವು. ಒಂದರ ಮೇಲೆ 'ತಿಳಿ' ಎಂದೂ ಇನ್ನೊಂದರ ಮೇಲೆ 'ಕೆಸರು' ಎಂದೂ ಚೀಟಿ ಅಂಟಿಸಿದರು. ಹುಲ್ಲನ್ನು ಮಣ್ಣಿನ ಸಮೇತ ಕಿತ್ತು ತಂದವನು ಕುಮಾರ. ವಾರಕ್ಕೆರಡು ಸಲ ಘಟ್ಟದ ಕೆಳಗಿನಿಂದ ಸಾಗರದ ಮಾರ್ಕೆಟ್ಟಿಗೆ ಮೀನು ತರುವ ಟೆಂಪೋ ಅವನದು. ಪ್ರತಿ ಬುಧವಾರ ಎರಡು ಡ್ರಮ್ಮು ನೀರು ತಂದು ಹಾಕುವುದೂ ಅವನ ಕೆಲಸವಾಯಿತು. ಒಂದು ಡ್ರಮ್ಮಿನಲ್ಲಿ ಅಳಿವೆಯ ಹೊರಗಿನ ತಿಳಿನೀರು, ಇನ್ನೊಂದರಲ್ಲಿ ಕಂಪನಿಯ ಹೂಳೆತ್ತುವ ಯಂತ್ರ ಪರೀಕ್ಷೆಗೆಂದು ಆಗಾಗ ಕಲಕಿದ ಜಾಗದ ರಾಡಿನೀರು. ಈರುಳ್ಳಿ ಬೆಳ್ಳುಳ್ಳಿ ಕೂಡ ಒಳಗೆ ಬರದ ಜೈನರ ಮನೆ ಮುಂದೆ ವಾರವಾರವೂ ಮೀನಿನ ಟೆಂಪೋ ನಿಲ್ಲುವುದನ್ನು ಕಂಡು ಎದುರು ಮನೆಯ ಮೀನಾಕ್ಷಮ್ಮ ಕಿಟಕಿಯ ಪರದೆಯನ್ನು ಶಾಶ್ವತವಾಗಿ ತೆಗೆದೇಬಿಟ್ಟರು.

ಹುಲ್ಲು ಬೆಳಕಿಗೆ ತಕ್ಕಂತೆ ಬದಲಾಗುತ್ತದೆ ಎಂಬುದು ದೇವಕುಮಾರರಿಗೆ ಪುಸ್ತಕದಿಂದ ಗೊತ್ತಿತ್ತು. ಬಿಸಿಲು ಧಾರಾಳವಾಗಿದ್ದರೆ ಎಲೆ ಗಿಡ್ಡ, ಚಿಗುರು ಒತ್ತೊತ್ತು. ಬೆಳಕು ಕುಗ್ಗಿದರೆ ಎಲೆ ಉದ್ದವಾಗಿ, ಹಸಿರು ಗಾಢವಾಗಿ, ಸಿಕ್ಕಿದಷ್ಟನ್ನು ಹೀರಲು ಮೇಲಕ್ಕೆ ಎಳೆಯುತ್ತದೆ. ಮಣ್ಣೊಳಗೆ ಅಡ್ಡಕ್ಕೆ ಹರಿಯುವ ಗೆಡ್ಡೆಯಲ್ಲಿ ಕೂಡಿಟ್ಟ ಸಕ್ಕರೆಯಿಂದ ಒಂದಷ್ಟು ದಿನ ದೂಡುತ್ತದೆ. ಆಮೇಲೇನು ಎಂಬ ಪುಟವನ್ನು ಅವರು ಓದಿರಲಿಲ್ಲ. ಪ್ರತಿ ಭಾನುವಾರ ತಿಂಡಿಯಾದ ಮೇಲೆ ಸ್ಕೇಲು ಹಿಡಿದು ತಾರಸಿ ಹತ್ತಿ, ಹತ್ತು ಎಲೆ ಅಳೆದು, ಪುಸ್ತಕದಲ್ಲಿ ಬರೆದುಕೊಂಡು ಇಳಿಯುತ್ತಿದ್ದರು. ಕಂಪನಿ ಕೊಟ್ಟ ಬೆಳಕು ಅಳೆಯುವ ಮೀಟರು ಥರ್ಮಕೋಲಿನ ಪೆಟ್ಟಿಗೆಯೊಳಗೇ ಇತ್ತು. ನೀರು ತಾಗಿದರೆ ಹಾಳಾದೀತೆಂದು ಅದನ್ನು ಬೀರುವಿನಲ್ಲಿ ಬೆಳ್ಳಿ ತಟ್ಟೆಗಳ ಪಕ್ಕ ಇಟ್ಟಿದ್ದರು. ಮೊದಲ ವಾರ ಕುಮಾರನ ಡ್ರಮ್ಮಿನೊಳಗೆ ಇಣುಕಿ, ಬೆಳಕು ನೂರಕ್ಕೆ ಹತ್ತರಷ್ಟಿರಬಹುದು ಎಂದು ಅಂದಾಜು ಮಾಡಿ, ಮುಂದೆ ಪ್ರತಿ ವಾರವೂ ಅದೇ ಹತ್ತನ್ನು ಬರೆದರು.

ಗೆಡ್ಡೆ ಕಿತ್ತು ನೋಡುವುದೂ ವಿಧಾನದಲ್ಲಿತ್ತು. ಆದರೆ ನೆಲದೊಳಗಿನ ಗೆಡ್ಡೆಯಲ್ಲಿ ಅನಂತ ಜೀವಗಳಿರುತ್ತವೆ, ಅದನ್ನು ಕೀಳುವುದು ನಮ್ಮವರಿಗೆ ನಿಷಿದ್ಧ ಎಂದು ದೇವಕುಮಾರರಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಶಿವಮೊಗ್ಗಕ್ಕೆ ಹೋದಾಗಲೆಲ್ಲ ಹೋಟೆಲಿನಲ್ಲಿ ಆಲೂಗಡ್ಡೆ ಪಲ್ಯದ ಮಸಾಲೆದೋಸೆ ತಿನ್ನುವಾಗ ಈ ಜೀವಗಳು ಯಾಕೋ ಅವರ ನೆನಪಿಗೆ ಬರುತ್ತಿರಲಿಲ್ಲ. ಧರ್ಮ ಕೆಲಸವನ್ನು ಹಗುರ ಮಾಡುವ ಕಡೆಯಲ್ಲೆಲ್ಲ ಅವರು ಬಹಳ ಧಾರ್ಮಿಕರು.

ವಾರ ಕಳೆಯಿತು, ತಿಂಗಳು ಕಳೆಯಿತು. ತಿಳಿ ತೊಟ್ಟಿಯ ಹುಲ್ಲು ನಾಲ್ಕು ಬೆರಳುದ್ದ, ಒತ್ತೊತ್ತು. ಕೆಸರು ತೊಟ್ಟಿಯ ಹುಲ್ಲೂ ನಾಲ್ಕು ಬೆರಳುದ್ದ, ಒತ್ತೊತ್ತು. ಕೆಸರು ತೊಟ್ಟಿಯ ನೀರು ತಿಳಿಯಾಗಿಯೇ ಕಾಣುತ್ತಿತ್ತು ನಿಜ. ಆದರೆ ಚೀಟಿಯಲ್ಲಿ ಕೆಸರು ಎಂದಿರುವಾಗ ನೀರಿಗೆ ಬೇರೆ ಅಭಿಪ್ರಾಯ ಇರುವಂತಿಲ್ಲ. ಹೂಳು ತಳಕ್ಕಿಳಿದಿದೆ ಎಂದು ಬರೆದು ಷರಾ ಹಾಕಿದರು. ಹತ್ತನೆಯ ವಾರಕ್ಕೆ ಅವರಿಗೆ ಸಂಶಯವೇ ಉಳಿಯಲಿಲ್ಲ: ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿದರೂ ಈ ಹುಲ್ಲಿಗೆ ಏನೂ ಆಗುವುದಿಲ್ಲ. ಲೋಕದ ಯಾವ ಕಡಲಹುಲ್ಲೂ ಹೀಗೆ ನಡೆದುಕೊಂಡದ್ದಿಲ್ಲ. ಇದು ಕಂಡುಹಿಡಿದದ್ದೇ ಸೈ.

ಅವರು ಪತ್ರಿಕೆಗೆ ಒಂದು ಲೇಖನ ಬರೆದರು. 'ಹುಲ್ಲು ಹೊಂದಿಕೊಳ್ಳುತ್ತದೆ' ಎಂದು ತಲೆಬರಹ, ಪಕ್ಕದಲ್ಲಿ ತೊಟ್ಟಿಯ ಮೇಲೆ ಕೈಯಿಟ್ಟು ದೂರ ನೋಡುತ್ತಿರುವ ಅವರ ಫೋಟೋ. ನಿಶ್ಚಲ್ ಅದರ ಇನ್ನೂರು ಪ್ರತಿ ಮಾಡಿಸಿ ಅಳಿವೆಯ ಊರುಗಳಲ್ಲಿ ಹಂಚಿದ. ಮಾರ್ಚ್ ಕೊನೆಗೆ ಅಂತಿಮ ವರದಿಗೆ ಸಹಿ ಬಿದ್ದರೆ ಹೂಳೆತ್ತುವುದಕ್ಕೆ ಪೂರ್ತಿ ಪರವಾನಗಿ. ಫೆಬ್ರವರಿಯಲ್ಲಿ ತೀರ್ಥಹಳ್ಳಿಯ ಒಂದು ಕಾಲೇಜಿನ ವಿಚಾರ ಸಂಕಿರಣಕ್ಕೆ ಆಹ್ವಾನ ಬಂತು. ದೇವಕುಮಾರರು ಮಗಳ ಮದುವೆಗೆ ಹೊಲಿಸಿದ ಕೋಟನ್ನು ಇಸ್ತ್ರಿ ಮಾಡಿಸಿ, ಹೊಸನಗರದ ಮೇಲೆ ಹೋಗುವ ಬಸ್ಸಿನಲ್ಲಿ ಕೋಟು ಸುಕ್ಕಾಗದ ಹಾಗೆ ನಿಂತೇ ಹೋದರು.

ಭಾಷಣ ಚೆನ್ನಾಗಿಯೇ ಆಯಿತು. ಹೊಂದಿಕೊಳ್ಳುವುದೇ ಪ್ರಕೃತಿಯ ದೊಡ್ಡ ಗುಣ, ಮನುಷ್ಯರು ಹುಲ್ಲಿನಿಂದ ಕಲಿಯಬೇಕು ಎಂದಾಗ ಚಪ್ಪಾಳೆಯೂ ಬಿತ್ತು. ಆಮೇಲೆ ಕೊನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಶ್ರೇಯಾ ಎಂದು ಹೆಸರು, ತೀರ್ಥಹಳ್ಳಿಯವಳೇ, ಕರಾವಳಿಯಲ್ಲಿ ಆರು ವರ್ಷದಿಂದ ಇದೇ ಹುಲ್ಲಿನ ಹಿಂದೆ ಬಿದ್ದವಳು. ಜೆಟ್ಟಿಯ ವರದಿಗಳನ್ನು ಪರಿಶೀಲಿಸುವ ಸಮಿತಿಯಲ್ಲೂ ಇದ್ದಳು. ಬಹಳ ವಿನಯದಿಂದ ಒಂದೇ ಪ್ರಶ್ನೆ ಕೇಳಿದಳು.

"ಸಾರ್, ಬೆಳಕು ಅಷ್ಟು ಕಮ್ಮಿಯಾದ್ರೆ ಎಲೆ ಉದ್ದ ಆಗ್ಬೇಕಿತ್ತಲ್ಲ. ನಿಮ್ಮ ಕೆಸರು ತೊಟ್ಟೀಲಿ ಯಾಕೆ ಉದ್ದ ಆಗ್ಲಿಲ್ಲ?"

ಹೊಂದಿಕೊಳ್ಳುವುದರಲ್ಲಿ ಅನೇಕ ಬಗೆಗಳಿವೆ ಎಂದರು ದೇವಕುಮಾರರು. ಅವಳು ತಲೆಯಾಡಿಸಿ, ಮಾರ್ಚ್ ಕೊನೆಯ ಬುಧವಾರ ಬಂದು ತೊಟ್ಟಿ ನೋಡಬಹುದೇ ಎಂದಳು. ಸಭೆಯ ಎದುರಿಗೆ ಬೇಡ ಎನ್ನಲಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಜಾಗವಿದ್ದರೂ ಅವರಿಗೆ ಕೂರಬೇಕೆನ್ನಿಸಲಿಲ್ಲ. ಕೋಟಿನ ಚಿಂತೆ ಈಗ ಇರಲಿಲ್ಲ.

ಮರುದಿನ ಬುಧವಾರ. ಹದಿನಾಲ್ಕು ವಾರದಲ್ಲಿ ಮೊದಲ ಸಲ ಅವರು ಕಾಲೇಜಿಗೆ ರಜೆ ಹಾಕಿ ನೀರು ಬರುವ ಹೊತ್ತಿಗೆ ತಾರಸಿಯಲ್ಲಿದ್ದರು. ಹೆಂಡತಿ ಜ್ವಾಲಾಮಾಲಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಸರು ತೊಟ್ಟಿಯ ಬಾಯಿಗೆ ಅವರದೇ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದ್ದರು. ಕುಮಾರ ಕೊಡದಲ್ಲಿ ಮೊಗೆದು ಮೊಗೆದು ರಾಡಿನೀರು ಸುರಿಯುತ್ತಿದ್ದ. ಪಂಚೆಯ ಕೆಳಗೆ ತಿಳಿನೀರು ಸಣ್ಣಗೆ ಸುರಿಯುತ್ತಿತ್ತು. ಪಂಚೆಯ ಮೇಲೆ ಕಂಪನಿಯ ಕೆಸರೆಲ್ಲ ಮೆತ್ತಗೆ ಕೂತಿತ್ತು.

ದೇವಕುಮಾರರು ಪಂಚೆಯ ಅಂಚು ಎತ್ತಿ ಕೆಳಗೆ ಇಣುಕಿದರು. ಎಷ್ಟು ದಿನದಿಂದ ಇದು ನಡೆಯುತ್ತಿದೆ ಎಂದು ಕೇಳಿದರು.

"ಮೊದಲ್ನೇ ದಿನದಿಂದ," ಅಂದರು ಜ್ವಾಲಾಮಾಲಿನಿ. "ಮನೆಯೊಳಗೆ ಸೋಸದ ನೀರು ಯಾವತ್ತು ಬಂದಿದೆ ರೀ?"

ಬಂದಿರಲಿಲ್ಲ. ಮೂವತ್ತೊಂದು ವರ್ಷದಿಂದ ಆ ಮನೆಯ ಪ್ರತಿ ನಲ್ಲಿಯ ಮೂತಿಗೂ ಬಟ್ಟೆ ಕಟ್ಟಿತ್ತು. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಕ್ಕೆ ನೋವಾಗಬಾರದೆಂದು ಅತ್ತೆಯಿಂದ ಕಲಿತದ್ದನ್ನು ಅವರು ಒಂದು ದಿನವೂ ತಪ್ಪಿಸಿರಲಿಲ್ಲ. ಬಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲುವಂತಿಲ್ಲ, ಯಾವ ನೀರಿನಿಂದ ಬಂತೋ ಅದೇ ನೀರಿಗೆ ಮರಳಿಸಬೇಕು. ಹಾಗಾಗಿ ಪ್ರತಿ ಬುಧವಾರವೂ ಪಂಚೆಯ ಕೆಸರನ್ನು ಖಾಲಿ ಡ್ರಮ್ಮಿಗೆ ಜಾಲಿಸಿ ಕುಮಾರನ ಕೈಯಲ್ಲಿ ವಾಪಸು ಅಳಿವೆಗೆ ಕಳಿಸುತ್ತಿದ್ದರು. ಕಂಪನಿಯ ಹೂಳು ಹದಿನಾಲ್ಕು ಸಲ ಘಟ್ಟ ಹತ್ತಿ, ಜೈನ ಧರ್ಮದ ಪ್ರಕಾರ ಸತ್ಕಾರ ಪಡೆದು, ಹದಿನಾಲ್ಕು ಸಲ ಘಟ್ಟ ಇಳಿದಿತ್ತು. ತಮ್ಮ ಲೋಟಕ್ಕೆ ನೀರು ಎಲ್ಲಿಂದ ಹೇಗೆ ಬರುತ್ತದೆ ಎಂದು ಒಮ್ಮೆಯೂ ನೋಡದ ಗಂಡನಿಗೆ ಮಾತ್ರ ಇದು ಸಂಶೋಧನೆಯ ವಿಷಯವಾಗಿತ್ತು.

ಅವರಿಗೆ ಸಿಟ್ಟು ಬಂತು. ಹೆಂಡತಿಯ ಮೇಲೆ ತೋರಿಸೋಣವೆಂದರೆ ತಪ್ಪು ಹುಡುಕಿದರೂ ಸಿಗಲಿಲ್ಲ. ಹಾಗಾಗಿ ಕುಮಾರನನ್ನು ಬೈದರು. ಅವನು, ಅಮ್ಮ ಹೇಳಿದ್ದು ಮಾಡಿದೆ ಸಾರ್ ಎಂದು ಕೊಡ ಕೆಳಗಿಟ್ಟ. ಆ ಮಧ್ಯಾಹ್ನವೆಲ್ಲ ದೇವಕುಮಾರರು ಎರಡು ದಾರಿ ಯೋಚಿಸಿದರು. ಒಂದು, ಪತ್ರಿಕೆಗೆ ಇನ್ನೊಂದು ಕಾಗದ ಬರೆದು, ಬರೆದದ್ದು ತಪ್ಪು ಎನ್ನುವುದು. ಇನ್ನೊಂದು, ಶ್ರೇಯಾ ಬರಲು ಇನ್ನೂ ಐದು ವಾರವಿದೆ, ಅಷ್ಟರೊಳಗೆ ಹುಲ್ಲು ಹೊಂದಿಕೊಂಡರೆ ಹೊಂದಿಕೊಳ್ಳುತ್ತದೆ ಎಂಬ ಮಾತು ಹೇಗೂ ನಿಜವೇ ಆಗುತ್ತದಲ್ಲ. ಎರಡನೆಯ ದಾರಿಯಲ್ಲಿ ಕೋಟು ಕೊಳೆಯಾಗುವ ಸಂಭವ ಕಡಿಮೆ ಕಂಡಿತು.

ಇನ್ನು ಸೋಸಕೂಡದು ಎಂದರು. ಸೋಸದೆ ತಾನು ಸುರಿಯುವುದಿಲ್ಲ, ಬೇಕಿದ್ದರೆ ನೀವೇ ಸುರಿದುಕೊಳ್ಳಿ ಎಂದರು ಜ್ವಾಲಾಮಾಲಿನಿ. ಹೀಗೆ ದೇವಕುಮಾರರು ಜೀವನದಲ್ಲಿ ಮೊದಲ ಸಲ ಕೊಡ ಹಿಡಿದರು. ನಾಲ್ಕು ಕೊಡ ಎತ್ತುವಷ್ಟರಲ್ಲಿ ಸೊಂಟ ಹಿಡಿದು, ಮುಂದಿನ ವಾರಗಳಲ್ಲಿ ಆ ಪಾಪವನ್ನು ಕುಮಾರನಿಗೆ ವಹಿಸಿದರು.

ಮೂರನೆಯ ವಾರ ಪವಾಡವೇ ಆಯಿತು. ರಾಡಿನೀರಿನಿಂದ ಎಲೆಗಳು ತಲೆ ಎತ್ತತೊಡಗಿದವು. ನಾಲ್ಕು ಬೆರಳಿದ್ದದ್ದು ಆರಾಯಿತು, ಎಂಟಾಯಿತು, ಗೇಣುದ್ದವಾಯಿತು. ಬಣ್ಣವೋ, ಕಡುಹಸಿರು. ಪಕ್ಕದ ತಿಳಿ ತೊಟ್ಟಿಯ ಹುಲ್ಲು ಇದರ ಮುಂದೆ ಬಡಕಲಾಗಿ ಕಂಡಿತು. ಆ ಹುಡುಗಿ ಕೇಳಿದ್ದು ಇದೇ ತಾನೇ, ಉದ್ದ? ಬರಲಿ, ಅವಳ ಸ್ಕೇಲಿನಲ್ಲೇ ಅಳೆದುಕೊಳ್ಳಲಿ. ಮೊದಲ ಹದಿನಾಲ್ಕು ವಾರ ಪೂರ್ವಸಿದ್ಧತೆಯ ಹಂತ ಎಂದು ಪುಸ್ತಕದಲ್ಲಿ ಹೊಸ ಶೀರ್ಷಿಕೆ ಕೊಟ್ಟರು. ದಿನಾ ಬೆಳಿಗ್ಗೆ ತಾರಸಿ ಹತ್ತಿ, ಹೆಂಡತಿಯನ್ನೂ ಕೂಗಿ ತೋರಿಸತೊಡಗಿದರು.

ಜ್ವಾಲಾಮಾಲಿನಿ ತೊಟ್ಟಿಯ ಅಂಚಿಗೆ ಕೈಯೂರಿ ಬಹಳ ಹೊತ್ತು ನೋಡಿದರು. ದಶಲಕ್ಷಣ ಪರ್ವದ ಹತ್ತೂ ದಿನ ಉಪವಾಸ ಮಾಡುವ ಹೆಂಗಸು ಅವರು. ಆ ವಿಷಯದಲ್ಲಿ ಅವರಿಗಿದ್ದ ತಿಳಿವಳಿಕೆ ಕಾಲೇಜಿನ ಲೈಬ್ರರಿಯಲ್ಲಿ ಇರಲಿಲ್ಲ.

"ಉಪವಾಸದ ಮೂರ್ನೇ ದಿನ ಮುಖಕ್ಕೆ ಒಂಥರಾ ಕಳೆ ಬರತ್ತೆ," ಅಂದರು. "ನೋಡಿದವ್ರೆಲ್ಲ ಎಷ್ಟು ಲಕ್ಷಣ ಅಂತಾರೆ. ಒಳಗೆ ಇಟ್ಕೊಂಡಿದ್ದು ಉರಿದು ಬರೋ ಕಳೆ ಅದು. ಪಾರಣೆ ಮಾಡ್ಸೋರು ಇಲ್ದಿದ್ರೆ ಗತಿ ಏನು? ಒಂದನ್ನ ಕಿತ್ತು ಗೆಡ್ಡೆ ನೋಡಿ."

ಗೆಡ್ಡೆ ಕೀಳು ಎಂದು ಹೆಂಡತಿಯೇ ಹೇಳುವುದೇ ಎಂದು ದೇವಕುಮಾರರು ಆಶ್ಚರ್ಯ ನಟಿಸಿದರು. ನೋಡದೆ ಬರೆಯೋದು ಅದಕ್ಕಿಂತ ದೊಡ್ಡ ಹಿಂಸೆ ಎಂದು ಆಕೆ ಮೆಟ್ಟಿಲಿಳಿದು ಹೋದರು. ಇವರು ಕೀಳಲಿಲ್ಲ. ಕೀಳಬೇಕೆಂದು ಎರಡು ಸಲ ತೋಳು ಮಡಿಸಿದ್ದು ಹೌದು. ಏನು ಸಿಕ್ಕೀತೋ ಎಂಬ ಭಯಕ್ಕೆ ಎರಡು ಸಲವೂ ತೋಳು ಇಳಿಸಿದರು.

ಮಾರ್ಚ್ ಕೊನೆಯ ಬುಧವಾರ ಶ್ರೇಯಾ ಒಂದು ಹೆಗಲಚೀಲ ಹಾಕಿಕೊಂಡು ಬಸ್ಸಿಳಿದು ನಡೆದೇ ಬಂದಳು. ದೇವಕುಮಾರರು ಬಿಸಿಲಲ್ಲೂ ಕೋಟು ಹಾಕಿದ್ದರು. ಮೊಬೈಲಿನಲ್ಲಿ ನಿಶ್ಚಲ್ ಬೆಳಿಗ್ಗೆಯಿಂದ ಮೂರು ಸಲ ನೆನಪಿಸಿದ್ದ, ಮಾವ, ಸಂಜೆಯೊಳಗೆ ಸಹಿ ಮಾಡಿದ ಪುಟ ಕಳಿಸಿಬಿಡಿ ಎಂದು. ವರದಿ ಮೇಜಿನ ಮೇಲೆ ಸಿದ್ಧವಾಗಿತ್ತು. ಮುಂಬಾಗಿಲಲ್ಲಿ ಜ್ವಾಲಾಮಾಲಿನಿ ಕೊಟ್ಟ ನೀರು ಕುಡಿದು ಶ್ರೇಯಾ ಅವರ ಜೊತೆಯಲ್ಲೇ ತಾರಸಿಗೆ ಬಂದಳು. ಲೈಟ್ ಮೀಟರ್ ಕೇಳಿದಳು. ಬೀರುವಿನಿಂದ ಪೆಟ್ಟಿಗೆ ಬಂತು. ಕಂಪನಿಯ ಅಂಟುಪಟ್ಟಿ ಹಾಗೇ ಇತ್ತು. ಅವಳು ಉಗುರಿನಿಂದ ಪಟ್ಟಿ ಕಿತ್ತಳು. ಆ ಪರ್ರೆಂಬ ಸದ್ದು ದೇವಕುಮಾರರಿಗೆ ಎದುರು ಮನೆಗೂ ಕೇಳಿಸಿತು ಎನ್ನಿಸಿತು.

ಎಲೆ ಅಳೆದಳು. ಗೇಣಿಗೆ ಎರಡು ಬೆರಳು ಹೆಚ್ಚು. ದೇವಕುಮಾರರು ಕೋಟಿನ ಗುಂಡಿ ಹಾಕಿಕೊಂಡರು. ಅವಳು ತೋಳು ಮಡಿಸಿ, ಕೈಯನ್ನು ರಾಡಿಯೊಳಗೆ ಇಳಿಸಿ, ಒಂದು ಬುಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎತ್ತಿದಳು. ಎಳೆಯಬೇಕಾಗಲೇ ಇಲ್ಲ. ಒಂದಕ್ಕೆ ಕೈ ಹಾಕಿದರೆ ಸುತ್ತಲಿನ ಏಳೆಂಟು ಬುಡ ತಾವಾಗಿಯೇ ಎದ್ದು ತೇಲಿದವು. ಮೇಲೆ ಕಡುಹಸಿರಾದ ಎಲೆ, ಕೆಳಗೆ ಬೆಂದ ಗೆಣಸಿನ ಸಿಪ್ಪೆಯ ಹಾಗೆ ಕಂದುಬಣ್ಣದ ಒಂದು ಖಾಲಿ ಚೀಲ. ಅವಳು ತಿಳಿ ತೊಟ್ಟಿಯಲ್ಲೂ ಒಂದನ್ನು ಎಳೆದಳು. ಅದು ಬರಲಿಲ್ಲ. ಮತ್ತೂ ಎಳೆದಾಗ ಬೆಳ್ಳಗೆ, ಗಟ್ಟಿಯಾಗಿ, ಬೇರಿಗೆ ಮಣ್ಣು ಕಚ್ಚಿಕೊಂಡು ಬಂತು.

ಎರಡನ್ನೂ ಪಕ್ಕಪಕ್ಕ ಇಟ್ಟು, ಇದು ಯಾವಾಗಿಂದ ಕೆಸರಲ್ಲಿದೆ ಎಂದು ಕೇಳಿದಳು. ಹತ್ತೊಂಬತ್ತು ವಾರ ಎಂದು ವರದಿಯಲ್ಲಿತ್ತು. ಹತ್ತೊಂಬತ್ತು ವಾರವಾಗಿದ್ದರೆ ಇಷ್ಟು ಹೊತ್ತಿಗೆ ಎಲೆಯೇ ಇರುತ್ತಿರಲಿಲ್ಲ ಎಂದಳು ಅವಳು. ದೇವಕುಮಾರರು ಮುಂದಿನ ಮಾತನ್ನು ಯೋಚಿಸುವಷ್ಟರಲ್ಲಿ ಬೀದಿಯಲ್ಲಿ ಟೆಂಪೋ ನಿಂತ ಸದ್ದಾಗಿ ಅವರಿಗೆ ದೊಡ್ಡ ಉಪಕಾರವಾದಂತಾಯಿತು.

ಉಪಕಾರ ಒಂದೇ ನಿಮಿಷದ್ದು. ಕುಮಾರನ ಹಿಂದೆ ಮೆಟ್ಟಿಲು ಹತ್ತಿ ಬಂದದ್ದು ಅವನ ಚಿಕ್ಕಮ್ಮ ಹುಲಿಯಮ್ಮ. ಆನಂದಪುರದ ಕಡೆ ಹುಟ್ಟಿ, ಅಳಿವೆಯ ಊರಿಗೆ ಮದುವೆಯಾಗಿ ಹೋಗಿ, ಮೂವತ್ತು ವರ್ಷದಿಂದ ಆ ಹುಲ್ಲಿನ ನಡುವೆಯೇ ಚಿಪ್ಪು ಆರಿಸಿ ಬದುಕಿದವಳು. ಜೈನರ ಮನೆಗೆ ಚಿಪ್ಪು ತರಬಾರದೆಂದು ಗೊತ್ತಿದ್ದರಿಂದ ಒಂದು ಕೈಯಲ್ಲಿ ಒಣಗಿಸಿದ ಮುರುಗಲು ಹಣ್ಣಿನ ಸಿಪ್ಪೆಯ ಪೊಟ್ಟಣ, ಇನ್ನೊಂದರಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಕಟ್ಟು ಹುಲ್ಲು ತಂದಿದ್ದಳು. ಪೇಪರಿನ ಫೋಟೋದಲ್ಲಿ ನೋಡಿದ್ದ ಮುಖವನ್ನು ಗುರುತಿಸಿ ಕೈ ಮುಗಿದಳು.

"ನಿಮ್ ಮಾತು ನಿಜ ಆಯ್ತು ಮೇಷ್ಟ್ರೇ," ಅಂದಳು. "ಪರೀಕ್ಷೆ ಅಂತ ಹೇಳ್ಕೊಂಡೇ ಮಣ್ಣೆತ್ತೋಕೆ ಜೋರಾಗಿ ಶುರು ಮಾಡಿ ತಿಂಗ್ಳಾಯ್ತು. ನೀರು ಚಾ ತರ ಆಗಿದೆ. ಹುಲ್ಲು ಮಾತ್ರ ನೋಡಿ, ನಾನು ಬಂದಾಗಿಂದ ಇಷ್ಟುದ್ದ ಕಂಡಿಲ್ಲ. ನೀವು ಪೇಪರಲ್ಲಿ ಬರ್ದಿದ್ದು ಓದ್ಸಿ ಕೇಳಿದ್ವಿ. ಮೊನ್ನೆ ನಲ್ವತ್ತು ಜನನೂ ತಕರಾರು ವಾಪಸ್ ತಗೊಂಡ್ವಿ."

ಅವಳು ಗೋಣಿ ಬಿಚ್ಚಿದಳು. ಗೇಣುದ್ದದ ಎಲೆಗಳು, ಕಡುಹಸಿರು, ಮಿರಿಮಿರಿ ಮಿಂಚುತ್ತಿದ್ದವು. ಶ್ರೇಯಾ ಬೇರೆ ಕಡೆ ತಿರುಗಿ ನಿಂತಳು.

ದೇವಕುಮಾರರ ಕೈ ತಾನಾಗಿಯೇ ಹೋಗಿ ಬುಡವನ್ನು ಹಿಡಿಯಿತು. ಹತ್ತೊಂಬತ್ತು ವಾರದಲ್ಲಿ ಅವರು ಮುಟ್ಟಿದ ಮೊದಲನೆಯ ಗೆಡ್ಡೆ ಅದು. ಹಿಸುಕಿದರೆ ನೀರು ಬಂತು. ಎಲ್ಲವೂ ಹಾಗಿರಲಿಲ್ಲ, ಕೆಲವು ಇನ್ನೂ ಒಂದಿಷ್ಟು ಗಟ್ಟಿಯಿದ್ದವು. ಬೆರಳಿಗೆ ಅಷ್ಟು ಗೊತ್ತಾಗುವಷ್ಟು ಸಸ್ಯಶಾಸ್ತ್ರ ಅವರಲ್ಲಿ ಉಳಿದಿತ್ತು. ಅಳಿವೆಯ ಹುಲ್ಲಿಗೆ ಇನ್ನು ಉಳಿದದ್ದು ಹದಿನೈದು ದಿನ, ಹೆಚ್ಚೆಂದರೆ ಮೂರು ವಾರ. ಆಗಲೂ ಅವರ ತಲೆಯ ಒಂದು ಮೂಲೆ, ಸಂತೋಷವಮ್ಮ, ಹೋಗಿ ಬಾ ಎಂದು ಕಳಿಸಿಬಿಟ್ಟರೆ ಹೇಗೆ ಎಂದು ಲೆಕ್ಕ ಹಾಕುತ್ತಿತ್ತು. ಅವರು ಹೆಂಡತಿಯ ಕಡೆ ನೋಡಿದರು. ಜ್ವಾಲಾಮಾಲಿನಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಲೋಟವನ್ನು ಕೊಡುವ ಮೊದಲು ನೀರನ್ನು ಹೇಗೆ ನೋಡುತ್ತಾರೋ ಹಾಗೆ ಗಂಡನನ್ನು ನೋಡುತ್ತಿದ್ದರು.

"ಇದು ಬೆಳೆದಿದ್ದಲ್ಲ," ಅಂದರು ದೇವಕುಮಾರರು. ಬುಡವನ್ನು ಹುಲಿಯಮ್ಮನ ಕಡೆ ಚಾಚಿದರು. "ಸಾಯ್ತಾ ಇದೆ. ಇಲ್ಲಿ ಮುಟ್ಟಿ ನೋಡು."

ಹುಲಿಯಮ್ಮ ಮುಟ್ಟಿದಳು. ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಹೊಂದಿಕೊಳ್ಳುತ್ತದೆ ಎಂದು ಫೋಟೋ ಹಾಕಿಸಿ ಬರೆದದ್ದು ನೀವೇ ಅಲ್ಲವಾ ಎಂದಳು. ಹೌದು ಎಂದರು. ಅದು ಬೇರೆ ಪರಿಸ್ಥಿತಿಯಲ್ಲಿ, ಪ್ರಯೋಗದ ಮೊದಲ ಹಂತದಲ್ಲಿ, ಕೆಲವು ಕಾರಣಗಳಿಂದ ಎಂದು ಅವರು ಶುರು ಮಾಡಿದಾಗ ಜ್ವಾಲಾಮಾಲಿನಿ ಅಡ್ಡ ಬಂದರು.

"ನಾನು ನೀರು ಸೋಸಿ ಹಾಕ್ತಿದ್ದೆ. ಇವ್ರು ನೋಡ್ಲಿಲ್ಲ."

ಹುಲಿಯಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಂತಿಯ ಮೇಲೆ ಒಣಗುತ್ತಿದ್ದ ಪಂಚೆಯನ್ನು ನೋಡಿದಳು. ಹತ್ತಿರ ಹೋಗಿ ಅದರ ಅಂಚನ್ನು ಕೈಯಲ್ಲಿ ಹಿಡಿದು ನೋಡಿದಳು. ಐದು ವಾರದಿಂದ ಕೆಲಸವಿಲ್ಲದೆ ಒಗೆದು ಒಗೆದು ಬೆಳ್ಳಗಾಗಿತ್ತು ಅದು.

"ಕೆಳಗೆ ಸೋಸೋರು ಯಾರಮ್ಮ?" ಅಂದಳು.

ದೇವಕುಮಾರರ ಮೊಬೈಲು ಕೋಟಿನೊಳಗೆ ಗುಂಯ್ ಎಂದಿತು, ನಿಶ್ಚಲ್ ಹೆಸರು. ಅವರು ಅದನ್ನು ಎತ್ತಲೂ ಇಲ್ಲ, ಕತ್ತರಿಸಲೂ ಇಲ್ಲ. ಅದಾಗಿಯೇ ನಿಲ್ಲುವವರೆಗೆ ಕಾದರು. ಶ್ರೇಯಾ ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ತೊಟ್ಟಿಯ ಅಂಚಿನ ಮೇಲಿಟ್ಟಳು. ಅವರು ನಿಂತೇ ಬರೆದರು: ಮೊದಲ ಹದಿನಾಲ್ಕು ವಾರ ನೀರು ಸೋಸಿದ್ದು, ಸೋಸುವುದು ನಿಲ್ಲಿಸಿದ ಐದು ವಾರಕ್ಕೆ ಗೆಡ್ಡೆ ಕೊಳೆತದ್ದು, ಲೇಖನದಲ್ಲಿ ಬರೆದದ್ದು ತಪ್ಪು. ಬರೆದು ಮುಗಿಸಿ, ಇದೂ ಒಂದು ಕಂಡುಹಿಡಿದದ್ದೇ ಅಲ್ಲವೇ ಎಂಬ ಆಸೆಯಿಂದ ತಲೆ ಎತ್ತಿದರು. ಯಾರೂ ಅವರನ್ನು ನೋಡುತ್ತಿರಲಿಲ್ಲ. ಸಹಿ ಮಾಡಿದರು.

ಶ್ರೇಯಾ ಹಾಳೆಯನ್ನು ಮಡಿಸಿ ಸಮಿತಿಗೆಂದು ಇಟ್ಟುಕೊಂಡಳು. ಹುಲಿಯಮ್ಮನಿಗೆ ಅಷ್ಟು ಸಾಲಲಿಲ್ಲ. ಕಾಗದ ತಿರುಗಾಡಿಕೊಂಡು ಬರುವಷ್ಟರಲ್ಲಿ ಬುಡ ಇರುವುದಿಲ್ಲ ಎಂದಳು. ಮೇಷ್ಟ್ರು ಕೆಳಗೆ ಬಂದು ಈಗ ಹೇಳಿದ್ದನ್ನೇ ಅವರೆಲ್ಲರ ಎದುರು ನಿಂತು ಹೇಳಬೇಕು, ಹೆಂಗಸರು ಮತ್ತೆ ಅರ್ಜಿ ಕೊಡಬೇಕು. ಮುಂದಿನ ವಾರ ಖಂಡಿತ ಬರುತ್ತೇನೆ, ಪರೀಕ್ಷೆ ಪೇಪರುಗಳಿವೆ ಎಂದರು ದೇವಕುಮಾರರು.

"ಕಂಪನಿಯೋರು ನಲ್ವತ್ತು ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದು ಒಂದೇ ದಿನದಲ್ಲಿ ಮೇಷ್ಟ್ರೇ," ಅಂದಳು ಹುಲಿಯಮ್ಮ.

ಜ್ವಾಲಾಮಾಲಿನಿ ಆಗಲೇ ಕೆಳಗೆ ಹೋಗಿ ಸೋಸಿದ ನೀರು ತುಂಬಿದ ಒಂದು ಬಾಟಲಿ ತಂದಿದ್ದರು. ಅದನ್ನು ಗಂಡನ ಕೈಗೆ ಕೊಟ್ಟು, ಚಪ್ಪಲಿ ಇಲ್ಲೇ ಬಿಟ್ಟು ಹೋಗಿ, ಹೋದ ಸಲದ ಹಾಗೆ ಆಗುವುದು ಬೇಡ ಎಂದರು. ಮುರುಗಲು ಪೊಟ್ಟಣವನ್ನು ಹುಲಿಯಮ್ಮ ಜ್ವಾಲಾಮಾಲಿನಿಯ ಕೈಗಿಟ್ಟಳು, ಇದು ನಿಮಗೆ ಮಾತ್ರ ಎಂದು.

ಟೆಂಪೋದ ಮುಂದಿನ ಸೀಟಿನಲ್ಲಿ ಕುಮಾರನಿಗೂ ಹುಲಿಯಮ್ಮನಿಗೂ ನಡುವೆ, ಬರಿಗಾಲಲ್ಲಿ, ಕೋಟು ತೊಟ್ಟು ದೇವಕುಮಾರರು ಕೂತರು. ಹಿಂದಿನ ಖಾಲಿ ಕ್ರೇಟುಗಳಿಂದ ಮೀನಿನ ವಾಸನೆ ಭುಗ್ಗೆಂದು ಬರುತ್ತಿತ್ತು. ಎದುರು ಕಿಟಕಿಯಿಂದ ಮೀನಾಕ್ಷಮ್ಮ ಇಡೀ ದೇಹ ಹೊರಗೆ ಹಾಕಿ ನೋಡುತ್ತಿದ್ದರು. ಹುಲಿಯಮ್ಮ ಒದ್ದೆ ಗೋಣಿಯ ಕಟ್ಟನ್ನು ದೇವಕುಮಾರರ ತೊಡೆಯ ಮೇಲಿಟ್ಟಳು. ಉಪ್ಪುನೀರು ಇಸ್ತ್ರಿ ಮಾಡಿದ ಪ್ಯಾಂಟಿಗೆ ಇಳಿಯತೊಡಗಿತು.

"ಗಟ್ಟಿ ಹಿಡ್ಕೊಳಿ," ಅಂದಳು. "ಎಲೆ ಮೇಲೆ, ಬೇರು ಕೆಳಗೆ. ಅಷ್ಟಾದ್ರೂ ಗೊತ್ತುಂಟಲ್ಲ?"

ದೇವಕುಮಾರರು ಬಗ್ಗಿ ನೋಡಿ, ಕಟ್ಟನ್ನು ತಿರುಗಿಸಿ ಹಿಡಿದುಕೊಂಡರು.